ಡಬ್ಬಿ ನಂಬರ್ 61: ನಮ್ಮೂರಿನ ಒಂದು ‘ಪರಿಸರಸ್ನೇಹಿ’ ಕಾಫಿಪುಡಿ ಅಂಗಡಿ, ಎರಡು ವರ್ಷದ ಲೆಕ್ಕ

ಮೊದಲೇ ಹೇಳ್ಬಿಡ್ತೀನಿ, ಅಂಗಡಿ ಹೆಸರು ಹಾಕಲ್ಲ. ಅಂಗಡಿಯವ್ರು ಪರಿಚಯ, ಇದರಲ್ಲಿ ಬೈಯೋದೂ ಇದೆ ಹೊಗಳೋದೂ ಇದೆ, ಹೆಸರು ಹಾಕಿದ್ರೆ ಹೊಗಳಿದ್ದು ಅಡ್ವರ್ಟೈಸ್‌ಮೆಂಟ್ ಆಗುತ್ತೆ ಬೈದಿದ್ದು ಜಗಳ ಆಗುತ್ತೆ. ಚಿಕ್ಕಮಗಳೂರಲ್ಲಿ ಬಸ್ ಸ್ಟ್ಯಾಂಡಿಂದ ಒಂದ್ ಹತ್ತು ನಿಮಿಷ ನಡೆದ್ರೆ ಸಿಗುತ್ತೆ, ಬೆಳಿಗ್ಗೆ ಹತ್ತರ ಮೇಲೆ ಹುರಿಯೋ ವಾಸನೆ ಹಿಡ್ಕೊಂಡ್ ಹೋಗಿ. ಆದ್ರೆ ನಮ್ಮೂರಲ್ಲಿ ಹುರಿಯೋ ಅಂಗಡಿ ಎಷ್ಟಿದಾವೆ ಅಂದ್ರೆ ವಾಸನೆ ನಂಬ್ಕೊಂಡ್ ಹೋದ್ರೆ ಬೇರೆ ಅಂಗಡಿಗೇ ಹೋಗಿ ನಿಲ್ತೀರ, ಅದೂ ತಪ್ಪೇನಿಲ್ಲ ಬಿಡಿ.

ನಂದು ಕೈಮರದ ಕಡೆ ಐದು ರೂಮಿನ ಹೋಂಸ್ಟೇ. ಮುಳ್ಳಯ್ಯನಗಿರಿ ನೋಡೋಕ್ ಬರೋ ಜನ ಬೆಳಿಗ್ಗೆ ಎದ್ದು ಕೇಳೋದು ಎರಡೇ, ವೈಫೈ ಪಾಸ್‌ವರ್ಡ್ ಮತ್ತೆ ಫಿಲ್ಟರ್ ಕಾಫಿ. ತಿಂಗಳಿಗೆ ಹತ್ತು ಹನ್ನೆರಡು ಕೆಜಿ ಪುಡಿ ಬೇಕು, ಡಿಸೆಂಬರ್ ರಜೆಯಲ್ಲಿ ಹದಿನೈದೂ ಮುಟ್ಟುತ್ತೆ. ಹಾಗಾಗಿ ನಾನು ಹೇಳೋದು ಅರ್ಧ ಕೆಜಿ ತಗೊಂಡ್ ಹೋಗಿ ಮನೆಯಲ್ಲಿ ಕುಡಿಯೋರ ಮಾತಲ್ಲ, ವಾರ ವಾರ ದುಡ್ಡು ಕೊಡೋನ ಮಾತು, ಪುಡಿ ಕೆಟ್ರೆ ಗೆಸ್ಟ್ ಮುಖ ನೋಡ್ಬೇಕಾಗಿರೋನ ಮಾತು.

ಎರಡು ವರ್ಷದ ಹಿಂದೆ ಮೊದಲನೇ ಸಲ ಹೋದಾಗ ಬಾಗಿಲ ಮೇಲೆ ಹಸಿರು ಬೋರ್ಡು, ಎಲೆ ಚಿತ್ರ, ಪರಿಸರಸ್ನೇಹಿ ಕಾಫಿ ಅಂತ. ನಂಗೆ ನಗು ಬಂತು. ಈಗ ಎಲ್ಲದರ ಮೇಲೂ ಒಂದು ಎಲೆ ಬರೆದು ಇಪ್ಪತ್ತು ರೂಪಾಯಿ ಜಾಸ್ತಿ ಮಾಡೋದು ಮಾಮೂಲಿ ಆಗಿದೆ, ನಮ್ ಹೋಂಸ್ಟೇಗಳಲ್ಲೂ ಅಷ್ಟೆ, ಟವೆಲ್ ಒಗೀದೇ ಇರೋಕೆ ಪರಿಸರದ ಹೆಸರು ಹೇಳೋರಿದ್ದಾರೆ. ಅಂಗಡಿ ನೋಡ್ಕೊಳೋದು ಒಬ್ರು ಅಕ್ಕ. ಮಾವನ ಕಾಲದ ಅಂಗಡಿ, ಮಾವ ಈಗ್ಲೂ ಬೆಳಿಗ್ಗೆ ಬಂದು ಗಲ್ಲಾ ಪಕ್ಕದ ಸ್ಟೂಲ್ ಮೇಲೆ ಕೂತ್ಕೋತಾರೆ, ಪೇಪರ್ ಓದ್ತಾ ಓದ್ತಾ ಸೊಸೆ ಮಾಡೋ ಪ್ರತಿ ಕೆಲಸಕ್ಕೂ ಒಂದೊಂದು ಕಾಮೆಂಟ್ ಹಾಕ್ತಿರ್ತಾರೆ. ನಿಜ ಹೇಳ್ಬೇಕು ಅಂದ್ರೆ ಈ ಅಂಗಡಿಗೆ ಹೋಗೋ ಅರ್ಧ ಮಜಾ ಅದೇ.

ಮೊದಲು ರುಚಿ ಬಗ್ಗೆ, ಯಾಕಂದ್ರೆ ರುಚಿ ಇಲ್ದಿದ್ರೆ ಮಿಕ್ಕಿದ್ದೆಲ್ಲ ಭಾಷಣ. ನಾನು ತಗೊಳೋದು 80:20, ಅಂದ್ರೆ ಎಂಬತ್ತು ಕಾಫಿ, ಇಪ್ಪತ್ತು ಚಿಕೋರಿ ಅನ್ನೋ ಹುರಿದ ಬೇರಿನ ಪುಡಿ. ಪ್ಯಾಕೆಟ್ ಮೇಲೆ ಎಷ್ಟು ಪರ್ಸೆಂಟ್ ಅಂತ ದೊಡ್ಡದಾಗಿ ಬರೆದಿರ್ತಾರೆ. ಬರೀಲೇಬೇಕು, ಕಾನೂನಲ್ಲಿ ಚಿಕೋರಿ 49ರ ತನಕ ಹಾಕ್ಬೋದು, ಅದರ ಮೇಲೆ ಹೋಗಂಗಿಲ್ಲ, ಆದ್ರೂ ಎಷ್ಟೋ ಕಡೆ ಈ ನಂಬರ್ ಓದೋಕೆ ಭೂತಕನ್ನಡಿ ಬೇಕು. ಇವ್ರ ಪುಡಿಯಲ್ಲಿ ಮೊದಲ ಡಿಕಾಕ್ಷನ್ ದಪ್ಪ ಇಳಿಯುತ್ತೆ, ಹಾಲು ಹಾಕಿದ್ರೂ ಬಣ್ಣ ಬಿಳಚಿಕೊಳ್ಳಲ್ಲ, ಕೊನೇಲಿ ನಾಲಿಗೆ ಮೇಲೆ ಸಣ್ಣ ಕಹಿ ಉಳಿಯುತ್ತೆ, ಸುಟ್ಟ ಕಹಿ ಅಲ್ಲ. ಎಲ್ಲಕ್ಕಿಂತ ಮುಖ್ಯ ಅಂದ್ರೆ ಜನವರಿಯಲ್ಲಿ ಇದ್ದ ರುಚಿನೇ ಆಗಸ್ಟಲ್ಲೂ ಇರುತ್ತೆ. ಇದು ಸಣ್ಣ ವಿಷಯ ಅಂದ್ಕೋಬೇಡಿ. ನಾನು ಮೊದ್ಲು ತಗೊಳ್ತಿದ್ದ ಕಡೆ ಒಂದ್ ತಿಂಗಳು ಅಮೃತ, ಇನ್ನೊಂದ್ ತಿಂಗಳು ಕಷಾಯ.

ಅದ್ಯಾಕೆ ಹೀಗೆ ಒಂದೇ ಥರ ಇರುತ್ತೆ ಅಂತ ಕೇಳಿದ್ದಕ್ಕೇ ಈ ಪರಿಸರದ ಕತೆ ಶುರುವಾಗಿದ್ದು. ಅಕ್ಕ ವ್ಯಾಪಾರಿಗಳ ಹತ್ರ ಕಾಳು ತಗೊಳಲ್ಲ. ಆಲ್ದೂರು, ಮಲ್ಲಂದೂರು, ಮೂಡಿಗೆರೆ ಕಡೆ ಹದಿನಾಲ್ಕು ಸಣ್ಣ ಬೆಳೆಗಾರರು, ಮೂರೆಕರೆ ಐದೆಕರೆಯವ್ರು, ಅವರಿಂದ ನೇರ ಪಾರ್ಚ್‌ಮೆಂಟು (ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಳು), ಚೆರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ತಗೊಂಡು ಕ್ಯೂರಿಂಗ್ ವರ್ಕ್ಸಲ್ಲಿ ಹಲ್ಲಿಂಗ್, ಅಂದ್ರೆ ಒಣ ಹೊಟ್ಟು ಬಿಡಿಸೋ ಕೆಲಸ, ಮಾಡಿಸ್ತಾರೆ. ಕಂಡೀಷನ್ ಎರಡೇ. ನೆರಳಿನ ಮರ ಕಡಿದು ಬೋಳಿಸಿರ್ಬಾರ್ದು, ಪಲ್ಪಿಂಗ್ ನೀರು ಹಳ್ಳಕ್ಕೆ ಬಿಟ್ಟಿರ್ಬಾರ್ದು. ಇದಿಷ್ಟಿದ್ರೆ ಮಾರ್ಕೆಟ್ ರೇಟಿನ ಮೇಲೆ ಸ್ವಲ್ಪ ಸೇರಿಸಿ ಕೊಡ್ತಾರೆ.

ಹೊರಗಿನೋರಿಗೆ ಈ ಪಲ್ಪಿಂಗ್ ನೀರಿನ ವಿಷಯ ಗೊತ್ತಿರಲ್ಲ. ಅರೇಬಿಕಾ ಹಣ್ಣು ಕುಯ್ದ ದಿನವೇ ಪಲ್ಪರಿಗೆ ಹಾಕಿ ಸಿಪ್ಪೆ ತೆಗೀತಾರೆ, ಆಮೇಲೆ ಲೋಳೆ ಹೋಗೋತನಕ ತೊಳೀತಾರೆ, ಹಳೇ ಪದ್ಧತಿಯಲ್ಲಿ ಇದಕ್ಕೆ ಹಿಡಿಯೋ ನೀರು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಆ ನೀರಲ್ಲಿ ಸಕ್ಕರೆ ಅಂಶ ಇರುತ್ತೆ, ಕೊಳೆಯುತ್ತೆ, ಹಳ್ಳಕ್ಕೆ ಬಿಟ್ರೆ ನೀರಲ್ಲಿರೋ ಆಮ್ಲಜನಕ ಎಲ್ಲ ಎಳ್ಕೊಂಡು ಮೀನು ಸಾಯ್ತಾವೆ. ಡಿಸೆಂಬರ್ ಜನವರಿಯಲ್ಲಿ ಕೆಲವು ಕಡೆ ಸೇತುವೆ ದಾಟುವಾಗ್ಲೇ ಹುಳಿ ವಾಸನೆ ಮೂಗಿಗೆ ಬಡಿಯುತ್ತೆ. ಯಗಚಿ ಹುಟ್ಟೋದು ನಮ್ ಬಾಬಾಬುಡನ್‌ಗಿರಿ ಕಡೆ, ಹೋಗೋದು ಬೇಲೂರಿಗೆ, ಹೇಮಾವತಿ ಹುಟ್ಟೋದು ಮೂಡಿಗೆರೆ ಕಡೆ, ಹೋಗೋದು ಸಕಲೇಶಪುರದ ಮೇಲೆ ಹಾಸನದ ಕಡೆಗೆ, ಅಂದ್ರೆ ನಾವಿಲ್ಲಿ ಬಿಟ್ಟಿದ್ದು ಹಾಸನ ಜಿಲ್ಲೆಯವ್ರ ಪಾಲಿಗೆ.

ಹೋದ ವರ್ಷ ಜನವರಿಯಲ್ಲಿ ಒಂದ್ಸಲ ಅಕ್ಕನ ಜೊತೆ ಆಲ್ದೂರ್ ಕಡೆ ಒಂದು ತೋಟಕ್ಕೆ ಹೋಗಿದ್ದೆ, ನನ್ ಕೆಲಸ ಬರೀ ಕಾರ್ ಓಡಿಸೋದು. ಅವ್ರು ಹೋದವ್ರೇ ಕಣದ ಕಡೆ ಹೋಗ್ಲಿಲ್ಲ, ಕಾಳು ನೋಡ್ಲಿಲ್ಲ, ಸೀದ ಪಲ್ಪರ್ ಮನೆ ಹಿಂದಕ್ಕೆ ಹೋಗಿ ಕಾಲುವೆ ಪಕ್ಕ ಬಗ್ಗಿ ವಾಸನೆ ನೋಡಿದ್ರು. ತೋಟದವ್ರು ಗುಂಡಿ ತೋಡಿ ಸುಣ್ಣ ಹಾಕಿ ನೀರು ನಿಲ್ಸಿದ್ರು, ಆದ್ರೆ ಗುಂಡಿ ತುಂಬಿ ಒಂದು ಕಡೆಯಿಂದ ಸಣ್ಣಗೆ ಒಸರಿ ಕೆಳಗೆ ಹೋಗ್ತಿತ್ತು. ಅಕ್ಕ ಏನೂ ಹೇಳ್ಲಿಲ್ಲ, ಸುಮ್ನೆ ಆ ಒಸರೋ ಜಾಗ ನೋಡ್ತಾ ನಿಂತ್ರು. ಆ ಗೌಡ್ರು ತಾವಾಗೇ, ‘ನಾಳೆನೇ ಇನ್ನೊಂದು ಗುಂಡಿ ತೆಗಸ್ತೀನಿ ಕಣಮ್ಮ, ಆಳ್ ಸಿಕ್ತಿಲ್ಲ ಎಂತ ಮಾಡದು’ ಅಂದ್ರು. ‘ತೆಗಸಿ ಗೌಡ್ರೆ, ಮುಂದಿನ ವಾರ ಬರ್ತೀನಿ, ಅಡ್ವಾನ್ಸ್ ಆಗ ಕೊಡ್ತೀನಿ’ ಅಂತ ಕಾಫಿ ಕುಡ್ಕೊಂಡು ಬಂದ್ಬಿಟ್ವಿ. ಗುಂಡಿ ಆಯ್ತು. ಪೊಲ್ಯೂಷನ್ ಬೋರ್ಡ್ ನೋಟಿಸಿಗಿಂತ ಅಡ್ವಾನ್ಸ್ ಒಂದ್ ವಾರ ಲೇಟು ಅನ್ನೋದು ಬೇಗ ಕೆಲಸ ಮಾಡುತ್ತೆ ಅಂತ ಅವತ್ತು ಗೊತ್ತಾಯ್ತು.

ಈ ಅಡ್ವಾನ್ಸ್ ಅನ್ನೋದನ್ನ ಇಲ್ಲೇ ಸ್ವಲ್ಪ ಬಿಡಿಸಿ ಹೇಳ್ಬೇಕು. ನಾನು ಮೊದ್ಲು ಅಂದ್ಕೊಂಡಿದ್ದು ಕೆಜಿಗೆ ನಾಲ್ಕು ಕಾಸು ಜಾಸ್ತಿ ಕೊಡ್ತಾರೆ ಅದಕ್ಕೇ ಬೆಳೆಗಾರರು ಇವರಿಗೆ ಕೊಡ್ತಾರೆ ಅಂತ. ಹಾಗಿಲ್ಲ. 2024-25ರಲ್ಲಿ ರೇಟ್ ಹೇಗೆ ಹಾರ್ತು ಅಂತ ನಮ್ ಕಡೆಯವ್ರಿಗೆ ಹೇಳ್ಬೇಕಾಗಿಲ್ಲ, ಬ್ರೆಜಿಲಲ್ಲಿ ಬರ, ವಿಯೆಟ್ನಾಮಲ್ಲಿ ಬೆಳೆ ಕಮ್ಮಿ, 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಮಾರ್ಕೆಟಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿ ಹೋಯ್ತು. ಆ ಟೈಮಲ್ಲಿ ವ್ಯಾಪಾರಿಗಳು ಮನೆ ಬಾಗಿಲಿಗೆ ಬಂದು ಕ್ಯಾಶ್ ಹಿಡ್ಕೊಂಡು ನಿಲ್ತಿದ್ರು. ಅಕ್ಕನ ಹದಿನಾಲ್ಕು ಜನರಲ್ಲಿ ಐದು ಜನ ಆ ಕಡೆ ಹೋದ್ರು. ಪರಿಸರ, ನೆರಳು, ಹಳ್ಳ, ಎಲ್ಲ ಸರಿ, ಮೂಟೆಗೆ ಸಾವಿರ ರೂಪಾಯಿ ಜಾಸ್ತಿ ಅಂದ್ರೆ ಯಾರು ಬಿಡ್ತಾರೆ, ನಾನಾಗಿದ್ರೂ ಬಿಡ್ತಿರ್ಲಿಲ್ಲ. ಆದ್ರೆ ಒಂಬತ್ತು ಜನ ಹೋಗ್ಲಿಲ್ಲ, ಯಾಕೆ ಅಂದ್ರೆ ನವೆಂಬರಲ್ಲಿ ಕುಯ್ಲು ಶುರುವಾಗೋ ಮೊದ್ಲು ಕೂಲಿಗೆ ದುಡ್ಡಿಲ್ದೆ ಕೂತಿದ್ದಾಗ ಮುಂಗಡ ಕೊಟ್ಟಿದ್ದು ಇವ್ರು, ಔಟ್‌ಟರ್ನ್, ಅಂದ್ರೆ ಒಂದು ಮೂಟೆಯಲ್ಲಿ ಎಷ್ಟು ಕೆಜಿ ಕಾಳು ಸಿಗುತ್ತೆ ಅನ್ನೋ ಲೆಕ್ಕ, ತೆಗೆಯುವಾಗ ಬೆಳೆಗಾರನ ಕಣ್ಣೆದುರೇ ತೂಕ ಹಾಕೋದು ಇವ್ರು. ಔಟ್‌ಟರ್ನಲ್ಲಿ ಅರ್ಧ ಕೆಜಿ ಆ ಕಡೆ ಈ ಕಡೆ ಆದ್ರೆ ಮೂಟೆ ರೇಟೇ ಬದಲಾಗುತ್ತೆ, ಇದರಲ್ಲಿ ಏಟು ತಿಂದೋರಿಗೆ ಗೊತ್ತು.

ಹಾಗಾಗಿ ಅವತ್ತು ಬೇರೆ ಅಂಗಡಿಗಳಲ್ಲಿ ಬ್ಲೆಂಡ್ ಮೆತ್ತಗೆ ಬದಲಾಗಿ ರೊಬಸ್ಟಾ (ಅರೇಬಿಕಾಗಿಂತ ಅಗ್ಗದ ಜಾತಿ ಕಾಫಿ) ಜಾಸ್ತಿ, ಚಿಕೋರಿ ಜಾಸ್ತಿ ಆಗಿದ್ದಾಗ ಇವರದು ಅಷ್ಟು ಆಡ್ಲಿಲ್ಲ. ರೇಟು ಏರಿಸಿದ್ರು, ಸುಳ್ಳು ಯಾಕೆ ಹೇಳ್ಲಿ, ನಾನು ಕೆಜಿಗೆ ಕೊಡ್ತಿದ್ದ ರೇಟು ಒಂದೇ ವರ್ಷದಲ್ಲಿ ಮೂರು ಸಲ ಏರ್ತು, ಮೂರು ಸಲನೂ ನಾನು ಗೊಣಗಿದೆ. ಪುಡಿ ಮಾತ್ರ ಅದೇ ಪುಡಿ.

ಈಗ ಬೈಗುಳಕ್ಕೆ ಬರೋಣ. ಕವರ್ ಕತೆ.

ಮಾಮೂಲಿ ಕಾಫಿಪುಡಿ ಕವರ್ ಇದೆಯಲ್ಲ, ಒಳಗೆ ಬೆಳ್ಳಿ ಬಣ್ಣ, ಮುಂದೆ ಒಂದು ಸಣ್ಣ ವಾಲ್ವ್ ಬಟನ್, ಅದು ಪ್ಲಾಸ್ಟಿಕ್, ಅಲ್ಯೂಮಿನಿಯಂ ಎಲ್ಲ ಪದರ ಪದರ ಅಂಟಿಸಿ ಮಾಡಿದ್ದು. ಹುರಿದ ಕಾಫಿ ದಿನಗಟ್ಟಲೆ ಗ್ಯಾಸ್ ಬಿಡ್ತಾ ಇರುತ್ತೆ, ಅದು ಹೊರಗೆ ಹೋಗೋಕೆ ವಾಲ್ವ್, ಹೊರಗಿನ ತೇವ ಒಳಗೆ ಬರ್ದೇ ಇರೋಕೆ ಪದರ. ಕೆಲಸಕ್ಕೆ ಬಹಳ ಒಳ್ಳೇದು, ಬಿಸಾಡಿದ ಮೇಲೆ ಯಾವ ಕೆಲಸಕ್ಕೂ ಬರಲ್ಲ, ಗುಜರಿಯವ್ನೂ ಮುಟ್ಟಲ್ಲ, ಪದರ ಬಿಡಿಸೋಕಾಗಲ್ಲ. ಅದಕ್ಕೆ ಅಕ್ಕ ಹೋದ ಮಳೆಗಾಲದ ಮೊದ್ಲು ಅದನ್ನ ತೆಗೆದು, ಕೊಳೆಯುತ್ತೆ ಅಂತ ಹೇಳೋ ಕಾಗದದ ಕವರ್ ತರಿಸಿದ್ರು, ಒಳಗಡೆ ಜೋಳದಿಂದ ಮಾಡಿದ ಪ್ಲಾಸ್ಟಿಕ್ ಥರದ ತೆಳು ಪದರ. ನೋಡೋಕೆ ಚಂದ, ಫೋಟೋಗೆ ಚಂದ, ನಮ್ ಗೆಸ್ಟುಗಳು ಅದರ ಫೋಟೋನೂ ಹಾಕ್ಕೊಂಡ್ರು.

ಜುಲೈ ಬಂತು. ನಮ್ ಕಡೆ ಜುಲೈ ಅಂದ್ರೆ ಗೋಡೆ ಬೆವರುತ್ತೆ, ಚಪ್ಪಲಿ ಮೇಲೆ ಬೂಷ್ಟು ಬರುತ್ತೆ, ಬೆಂಕಿಪೊಟ್ಟಣ ಹತ್ತಲ್ಲ. ನಾನು ಮಳೆ ಜೋರು, ರೋಡ್ ಏನಾಗುತ್ತೋ ಅಂತ ಒಂದೇ ಸಲ ಎಂಟು ಕೆಜಿ ತಂದಿಟ್ಟಿದ್ದೆ. ಹತ್ತು ದಿನ ಬಿಟ್ಟು ನಾಲ್ಕನೇ ಕವರ್ ಒಡೆದ್ರೆ ಪುಡಿ ಉಂಡೆ ಕಟ್ಟಿದೆ, ಬೆರಳಲ್ಲಿ ಒತ್ತಿದ್ರೆ ಮೆತ್ತಗೆ ಒಡೆಯುತ್ತೆ, ವಾಸನೆ ನೋಡಿದ್ರೆ ಕಾಫಿ ಎಲ್ಲೋ ಪಕ್ಕದ ಊರಲ್ಲಿ ಹುರೀತಿದಾರೆ ಅನ್ನೋ ಹಂಗೆ. ಫಿಲ್ಟರಿಗೆ ಹಾಕಿದ್ರೆ ನೀರೇ ಇಳೀಲಿಲ್ಲ, ಅರ್ಧ ಗಂಟೆ ಆದ್ಮೇಲೆ ಎರಡು ಚಮಚ ಇಳೀತು, ಅದೂ ಮಣ್ಣಿನ ನೀರು. ಅವತ್ತು ಹುಬ್ಬಳ್ಳಿಯಿಂದ ಬಂದಿದ್ದ ಒಂದು ಫ್ಯಾಮಿಲಿ ಇತ್ತು, ಅದರಲ್ಲಿ ಅಜ್ಜಿ ಒಬ್ರು ಲೋಟ ಬಾಯಿಗಿಟ್ಟು ಕೆಳಗಿಟ್ಟು, ‘ಚಹಾ ಐತೇನಪ್ಪಾ’ ಅಂದ್ರು. ಚಿಕ್ಕಮಗಳೂರಲ್ಲಿ ಕಾಫಿ ಕೊಟ್ಟು ಚಹಾ ಕೇಳಿಸ್ಕೊಂಡವ್ನು ನಾನೊಬ್ನೇ ಇರ್ಬೇಕು.

ಸಿಟ್ಟಲ್ಲೇ ಉಳಿದ ಕವರ್ ಎಲ್ಲ ತಗೊಂಡು ಹೋಗಿ ಕೌಂಟರ್ ಮೇಲೆ ಸುರಿದೆ. ಅಕ್ಕ ಮಾತಾಡ್ದೆ ಒಂದು ಉಂಡೆ ಒಡೆದು ನೋಡಿದ್ರು. ಮಾವ ಪೇಪರ್ ಹಿಂದಿಂದಾನೇ, ‘ನಾನ್ ಹೇಳಿರ್ಲಿಲ್ವೇನಮ್ಮ, ಮಲೆನಾಡಿಗೆ ಕಾಗದದ ಕವರ್ ಅಂದ್ರೆ ಮಳೆಗೆ ಕಾಗದದ ಛತ್ರಿ ಹಿಡ್ದಂಗೆ’ ಅಂದ್ರು. ನಂದು ನಾಲ್ಕು ಕೆಜಿ ವಾಪಸ್ ತಗೊಂಡು ಹೊಸದು ಕೊಟ್ರು, ದುಡ್ಡಿನ ಮಾತೇ ಎತ್ಲಿಲ್ಲ. ನನ್ ಥರ ಬಂದೋರು ಆ ವಾರ ಇನ್ನೂ ಹತ್ತಾರು ಜನ ಇದ್ರಂತೆ, ಎಲ್ರಿಗೂ ಹೀಗೇ ಕೊಟ್ಟಿದ್ದು. ಆ ಕವರ್ ಒಂದಕ್ಕೆ ಮಾಮೂಲಿ ಕವರಿನ ಎರಡರಷ್ಟು ರೇಟು ಬೇರೆ. ಪರಿಸರಕ್ಕೆ ಏನಾಯ್ತೋ ಗೊತ್ತಿಲ್ಲ, ಆ ತಿಂಗಳು ಅಂಗಡಿಗೆ ಸರಿಯಾಗಿ ಬಿತ್ತು ಏಟು. ಪರಿಸರಕ್ಕೂ ಏನೂ ಆಗ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು, ಯಾಕಂದ್ರೆ ನಾನು ಮೂರು ಕವರ್ ಗೊಬ್ಬರದ ಗುಂಡಿಗೆ ಹಾಕಿದ್ದೆ, ಆರು ತಿಂಗಳು ಬಿಟ್ಟು ಗೊಬ್ಬರ ತೆಗೆದ್ರೆ ಕಾಗದ ಹೋಗಿದೆ, ಒಳಗಿನ ಪದರ ಹಾವಿನ ಪೊರೆ ಥರ ಹಂಗೇ ಇದೆ. ಆ ಥರದ್ದು ಕೊಳೆಯೋಕೆ ಐವತ್ತು ಅರವತ್ತು ಡಿಗ್ರಿ ಬಿಸಿ ಇಟ್ಟಿರೋ ಫ್ಯಾಕ್ಟರಿ ಗುಂಡಿ ಬೇಕು, ನಮ್ಮ ಸೆಗಣಿ ಗುಂಡಿ ಸಾಲಲ್ಲ.

ಇದಾದ ಮೇಲೆ ಬಂದಿದ್ದು ಡಬ್ಬಿ. ನಂಗೆ ಇಡೀ ಅಂಗಡಿಯಲ್ಲಿ ಇಷ್ಟ ಆಗಿದ್ದು ಇದೇ, ಇದ್ರಲ್ಲಿ ಎಲೆ ಚಿತ್ರ ಇಲ್ಲ. ಎರಡು ಕೆಜಿ ಹಿಡಿಯೋ ಸ್ಟೀಲ್ ಡಬ್ಬಿ, ಮುಚ್ಚಳಕ್ಕೆ ರಬ್ಬರ್, ಮೈ ಮೇಲೆ ನಂಬರ್ ಕೊರೆದಿರುತ್ತೆ. ನಂದು 61ರಿಂದ 66. ಡೆಪಾಸಿಟ್ ಇಟ್ರೆ ಡಬ್ಬಿ ತುಂಬಿ ಕೊಡ್ತಾರೆ, ಖಾಲಿ ಡಬ್ಬಿ ತಂದ್ರೆ ತುಂಬಿದ್ದು ತಗೊಂಡ್ ಹೋಗ್ಬೋದು. ಮನೆಯವ್ರು ತಮ್ದೇ ಡಬ್ಬಿ ತಂದ್ರೂ ಸರಿ, ಖಾಲಿ ಡಬ್ಬಿ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ ಆಮೇಲೆ ಪುಡಿ ಹಾಕ್ತಾರೆ, ಅರ್ಧ ಕೆಜಿಗೆ ಹತ್ತು ರೂಪಾಯಿ ಕಮ್ಮಿ. ಒಂದು ಕಂಡೀಷನ್, ಡಬ್ಬಿ ಒಣಗಿರ್ಬೇಕು. ಒಳಗೆ ಕೈ ಹಾಕಿ ನೋಡ್ತಾರೆ, ಒಂದು ಹನಿ ತೇವ ಇದ್ರೂ ಬಟ್ಟೆ ಕೊಟ್ಟು ಒರ್ಸೋಕೆ ಹೇಳ್ತಾರೆ, ಕವರ್ ಏಟು ಅಷ್ಟು ನೆನಪಿದೆ.

ಈ ಹತ್ತು ರೂಪಾಯಿ ಬಗ್ಗೆ ಮಾವ ಸೊಸೆ ಮಧ್ಯೆ ನಡೆದ ಮಾತು ನಾನೇ ಕೇಳಿದ್ದು. ಮಾವ: ‘ಕವರಿಗೆ ಹನ್ನೊಂದು ರೂಪಾಯಿ, ಅದ್ರಲ್ಲಿ ಹತ್ತು ಗಿರಾಕಿಗೇ ಕೊಟ್ರೆ ನಮಗೆ ಉಳಿದಿದ್ದು ಒಂದ್ರೂಪಾಯಿ, ಅದ್ಯಾವ ವ್ಯಾಪಾರ.’ ಅಕ್ಕ ಡಬ್ಬಿ ತುಂಬ್ತಾನೇ, ‘ಡಬ್ಬಿ ನಮ್ಮದು ಮಾವ. ಅದನ್ನ ಇಟ್ಕೊಂಡು ಬೇರೆ ಅಂಗಡಿಗೆ ಹೇಗೆ ಹೋಗ್ತಾರೆ?’ ಅಂದ್ರು. ನಾನು ಪಕ್ಕದಲ್ಲೇ ನಿಂತಿದ್ದೆ ಅನ್ನೋದು ಇಬ್ರಿಗೂ ಲೆಕ್ಕಕ್ಕೇ ಇಲ್ಲ.

ಆದ್ರೆ ಮಾತು ನೂರಕ್ಕೆ ನೂರು ನಿಜ. ನಂಗೆ ಒಂದೆರಡು ಸಲ ಬೇರೆ ಕಡೆ ಕಮ್ಮಿ ರೇಟಿಗೆ ಪುಡಿ ಸಿಕ್ಕಿತ್ತು, ಮನೆಯಲ್ಲಿ ಆರು ಡಬ್ಬಿ ಇವರದ್ದು ಕೂತಿದಾವೆ, ಡೆಪಾಸಿಟ್ ಅಲ್ಲಿದೆ, ಬಿಡು ಅಂತ ಇಲ್ಲಿಗೇ ಬಂದೆ. ಇನ್ನೂ ಒಂದು ಲಾಭ ನಂಗೆ ತಡವಾಗಿ ಹೊಳೀತು. ಡಬ್ಬಿ ಗಿರಾಕಿಗಳು, ಅಂದ್ರೆ ನಮ್ ಥರ ಹೋಂಸ್ಟೇ, ಮೆಸ್ಸು, ಎರಡು ಆಫೀಸ್ ಕ್ಯಾಂಟೀನು, ಯಾರಿಗೆ ಯಾವತ್ತು ಎಷ್ಟು ಬೇಕು ಅಂತ ಅಕ್ಕನ ನೋಟ್‌ಬುಕ್ಕಲ್ಲಿ ಮೊದಲೇ ಬರೆದಿರುತ್ತೆ. ಹುರಿಯೋದು ಅಷ್ಟಕ್ಕೇ. ಹುರಿದಾಗ ನೂರು ಕೆಜಿ ಕಾಳಿಗೆ ಹದಿನೈದರಿಂದ ಇಪ್ಪತ್ತು ಕೆಜಿ ತೂಕನೇ ಹೋಗ್ಬಿಡುತ್ತೆ, ಅದರ ಮೇಲೆ ಹುರಿದಿದ್ದು ಉಳಿದು ಹಳಸಿದ್ರೆ ಈಗಿನ ಕಾಳಿನ ರೇಟಲ್ಲಿ ಯಾವ ಅಂಗಡಿಯವ್ನೂ ತಡ್ಕೊಳಲ್ಲ. ಮೊದ್ಲು ತಿಂಗಳ ಕೊನೆಗೆ ಹಳೇ ಪುಡಿ ಉಳೀತಿತ್ತಂತೆ, ಅದನ್ನ ಕಮ್ಮಿ ರೇಟಿಗೆ ಹೋಟೆಲಿಗೆ ದಾಟಿಸ್ತಿದ್ರಂತೆ. ಈಗ ಉಳಿಯೋದೇ ಇಲ್ಲ. ಕಸ ಕಮ್ಮಿ ಮಾಡೋಕೆ ಅಂತ ಡಬ್ಬಿ ತಂದ್ರು, ಉಳಿದಿದ್ದು ಕವರ್ ದುಡ್ಡಲ್ಲ, ಗೋಡೌನಲ್ಲಿ ಸುಮ್ನೆ ಕೂರ್ತಿದ್ದ ದುಡ್ಡು.

ಡಬ್ಬಿಗೆ ಕಷ್ಟನೂ ಇದೆ. ಒಂದ್ಸಲ ಯಾರದ್ದೋ ಡಬ್ಬಿ ನನ್ನ ಲೆಕ್ಕಕ್ಕೆ ಬಂದಿದೆ, ಮುಚ್ಚಳ ತೆಗೆದ್ರೆ ಕಾಫಿ ಜೊತೆ ಮೆಂತ್ಯದ ವಾಸನೆ. ಯಾರೋ ಪುಣ್ಯಾತ್ಮರು ಮಧ್ಯದಲ್ಲಿ ಸಾಂಬಾರ್ ಪುಡಿ ತುಂಬಿ ಇಟ್ಕೊಂಡಿದ್ರು. ಕಾಫಿಪುಡಿ ಸುತ್ತ ಇರೋ ವಾಸನೆ ಎಲ್ಲ ಹೀರ್ಕೊಳುತ್ತೆ, ಎರಡು ಕೆಜಿ ಹೋಯ್ತು. ಅದಾದ್ಮೇಲೇ ನಂಬರ್ ಕೊರೆಸಿದ್ದು, ಯಾರ ಡಬ್ಬಿ ಅವ್ರಿಗೇ. ಬಿಸಿನೀರಲ್ಲಿ ಸೋಡಾ ಹಾಕಿ ತೊಳೆದು ಬಿಸಿಲಿಗೆ ಇಡೋಕೆ ಒಬ್ಬ ಹುಡುಗಿ ಇದಾಳೆ, ಮಳೆಗಾಲದಲ್ಲಿ ಬಿಸಿಲೆಲ್ಲಿ ಬರ್ಬೇಕು, ಹುರಿಯೋ ಮಿಷಿನ್ ಪಕ್ಕದ ಬಿಸಿಗೇ ಸಾಲಾಗಿ ಬೋರಲು ಹಾಕಿಟ್ಟಿರ್ತಾರೆ. ಆ ಹುಡುಗಿ ಸಂಬಳ, ನೀರು, ಸೋಪು, ಇದೂ ಲೆಕ್ಕಕ್ಕೆ ಬರ್ಬೇಕಲ್ಲ ಅಂತ ನಾನು ಕೇಳಿದೆ. ಬರುತ್ತೆ ಅಣ್ಣ, ಅದಕ್ಕೇ ಅರ್ಧ ಕೆಜಿ ಬಿಡಿ ಗಿರಾಕಿಗೆ ಡೆಪಾಸಿಟ್ ಡಬ್ಬಿ ಕೊಡಲ್ಲ, ಅವ್ರದ್ದೇ ತರ್ಲಿ ಅಂದ್ರು. ಪೇಟೆಗೆ ಬಂದು ಹೋಗೋ ಟೂರಿಸ್ಟಿಗೆ ಈಗ್ಲೂ ವಾಲ್ವ್ ಕವರೇ. ನಂಗೆ ಇದು ಸರಿ ಅನ್ನಿಸ್ತು, ಇನ್ನೊಬ್ರು ಇದನ್ನ ಮೋಸ ಅನ್ಬೋದು.

ಡೆಲಿವರಿ ಮಾತ್ರ ನಂಗೆ ಇನ್ನೂ ಸರಿ ಹೋಗಿಲ್ಲ. ಮೊದ್ಲು ಫೋನ್ ಮಾಡಿದ್ರೆ ಹುಡುಗ ಬೈಕಲ್ಲಿ ತಂದ್ಕೊಡ್ತಿದ್ದ. ಈಗ ಮಂಗಳವಾರ ಶುಕ್ರವಾರ ಎರಡೇ ದಿನ, ಅದೂ ಬ್ರೆಡ್ ಕೊಡೋಕೆ ಈ ಕಡೆ ಬರೋ ಬೇಕರಿ ವ್ಯಾನಲ್ಲಿ ಹಾಕಿ ಕಳಿಸ್ತಾರೆ, ಹೇಗಿದ್ರೂ ಬರೋ ಗಾಡಿ, ಡೀಸೆಲ್ ಉಳೀತು, ಬಾಡಿಗೆ ಹಂಚ್ಕೊಂಡ್ರು, ವಾಪಸ್ ಹೋಗುವಾಗ ಖಾಲಿ ಡಬ್ಬಿ ಹೋಗುತ್ತೆ. ಕೇಳೋಕೆ ಚಂದ. ಶನಿವಾರ ಇದ್ದಕ್ಕಿದ್ದಂಗೆ ಹನ್ನೆರಡು ಜನದ ಗ್ಯಾಂಗ್ ಬಂದು ಪುಡಿ ಖಾಲಿಯಾದ್ರೆ ನಾನೇ ಸ್ಕೂಟರ್ ತಗೊಂಡು ಪೇಟೆಗೆ ಇಳೀಬೇಕು, ಅವರ ಡೀಸೆಲ್ ಉಳೀತು ನನ್ ಪೆಟ್ರೋಲ್ ಹೋಯ್ತು. ಇದನ್ನ ಹೇಳಿದ್ರೆ ಅಕ್ಕ ನಗ್ತಾರೆ, ಒಂದು ಡಬ್ಬಿ ಎಕ್ಸ್‌ಟ್ರಾ ಇಟ್ಕೊಳಿ ಅಣ್ಣ ಅಂತಾರೆ. ಅಂದ್ರೆ ಅವರ ಗೋಡೌನು ನಮ್ ಮನೆಗೆ ಶಿಫ್ಟ್ ಆಯ್ತು ಅಂತ ಅರ್ಥ.

ನಮ್ ಭಾವನ ತೋಟ ಸಕಲೇಶಪುರದ ಹತ್ರ, ಅವರದ್ದು ಎಕ್ಸ್‌ಪೋರ್ಟ್ ಲೈನು, ಅಲ್ಲಿ ಇದೇ ಪರಿಸರದ ವಿಷಯ ಬೇರೆ ಥರ ಬಂದು ಕೂತಿದೆ. ಯುರೋಪಿನವ್ರು 2023ರಲ್ಲಿ ಒಂದು ಕಾನೂನು ತಂದ್ರು, 2020ರ ಡಿಸೆಂಬರ್ 31ರ ಮೇಲೆ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅವರ ಮಾರ್ಕೆಟ್ಟಿಗೆ ಬರಂಗಿಲ್ಲ, ಬರ್ಬೇಕು ಅಂದ್ರೆ ಯಾವ ತೋಟದ್ದು ಅಂತ ಜಿಪಿಎಸ್ ಪಾಯಿಂಟ್ ಸಮೇತ ತೋರಿಸ್ಬೇಕು. 2024ರ ಕೊನೆಗೆ ಜಾರಿ ಅಂದಿದ್ರು, ಎರಡು ಸಲ ಮುಂದೆ ಹೋಗಿ ಈಗ 2026ರ ಡಿಸೆಂಬರಿಗೆ ನಿಂತಿದೆ. ನಮ್ ಕಾಫಿಗೆ ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು, ಬೇಡ ಅನ್ನೋ ಹಾಗಿಲ್ಲ. ಭಾವ ಬೈಕೊಂಡೇ ಸರ್ವೆ ನಂಬರ್, ಪಹಣಿ ಎಲ್ಲ ಜೋಡಿಸಿದ್ರು. ನಮ್ ಕಡೆ ಕಾಫಿ ಮೊದಲಿಂದ್ಲೂ ನೆರಳಲ್ಲೇ, ಅತ್ತಿ, ಹಲಸು, ಬಸರಿ, ಸಿಲ್ವರ್ ಓಕ್ ಅದರ ಮೇಲೆ ಮೆಣಸಿನ ಬಳ್ಳಿ, ಹಾಗಾಗಿ ನಮ್ಮೋರಿಗೆ ಈ ಕಾನೂನಲ್ಲಿ ಕಷ್ಟ ಮರದ್ದಲ್ಲ, ಕಾಗದದ್ದು. ಜಾಯಿಂಟ್ ಖಾತೆ, ಪೋಡಿ ಆಗ್ದೇ, ಅಂದ್ರೆ ಅಳತೆ ಮಾಡಿ ಪಾಲು ಬೇರೆ ಆಗ್ದೇ ಇರೋದು, ಅಜ್ಜನ ಹೆಸರಲ್ಲೇ ಇರೋ ಪಹಣಿ. ಅಕ್ಕ ಲೋಕಲ್ಲಲ್ಲೇ ಮಾರೋದ್ರಿಂದ ಅವರಿಗೆ ಇದು ಬೇಕಾಗಿಲ್ಲ, ಆದ್ರೆ ಅವರ ಹತ್ರ ಪ್ರತಿ ತೋಟದ ಮೂಟೆ ಲೆಕ್ಕ, ಯಾವ ಹುರಿತಕ್ಕೆ ಯಾರ ಕಾಳು ಹೋಯ್ತು ಅನ್ನೋದು ಬರೆದಿರೋದು ನೋಡಿ, ಅವರ ಬೆಳೆಗಾರರಲ್ಲಿ ಇಬ್ರು ಎಕ್ಸ್‌ಪೋರ್ಟಿನವ್ರಿಗೆ ಆ ಲೆಕ್ಕಾನೇ ಕಾಪಿ ಮಾಡಿ ತೋರಿಸಿ ಪೀಬೆರಿ, ಅಂದ್ರೆ ಹಣ್ಣಲ್ಲಿ ಎರಡರ ಬದಲು ಒಂದೇ ಇರೋ ಗುಂಡು ಕಾಳು, ಆ ಕಡೆ ಮಾರಿದ್ರು. ಅಕ್ಕಂಗೆ ಅದು ನಷ್ಟ, ಪೀಬೆರಿ ಈ ವರ್ಷ ಅಂಗಡಿಯಲ್ಲಿ ಸಿಗೋದೇ ಅಪರೂಪ. ತಾವೇ ಕಲ್ಸಿದ ಬರವಣಿಗೆಯಿಂದ ತಮ್ಮ ಕಾಳೇ ಹೋಯ್ತು.

ಒಂದು ದಿನ ಸುಮ್ನೆ ಕೆಣಕೋಕೆ ಕೇಳಿದೆ, ಅಕ್ಕ ಎಲ್ಲ ಲೋಕಲ್ ಅಂತೀರಲ್ಲ, ಚಿಕೋರಿ ಎಲ್ಲಿಂದು? ಗುಜರಾತಿಂದು ಅಣ್ಣ. ಮತ್ತೆ? ಮತ್ತೆ ಏನು, ಚಿಕೋರಿ ಬಾಬಾಬುಡನ್‌ಗಿರಿ ಮೇಲೆ ಬೆಳೆಯುತ್ತಾ, ಅಂತ ಅವ್ರು. ಮಾವ ಜೋರಾಗಿ ನಕ್ಕಿದ್ದು ಅವತ್ತೇ. ನಿಜ ಹೇಳ್ಬೇಕಂದ್ರೆ ಲಾರಿಯಲ್ಲಿ ಒಟ್ಟಿಗೆ ಬರೋ ಚಿಕೋರಿಯಿಂದ ಆಗೋ ಹೊಗೆ ದೊಡ್ಡ ಲೆಕ್ಕ ಅಲ್ಲ, ನಮ್ ಲೋಟದಲ್ಲಿ ಮುಕ್ಕಾಲು ಇರೋದು ಹಾಲು, ಕಾಫಿಗಿಂತ ಜಾಸ್ತಿ ಲೆಕ್ಕ ಆ ಹಸುವಿಂದು, ಆಮೇಲೆ ತೋಟಕ್ಕೆ ಹಾಕೋ ಗೊಬ್ಬರದ್ದು. ಹಾಗಂತ ಬ್ಲ್ಯಾಕ್ ಕಾಫಿ ಕುಡೀರಿ ಅಂತ ನಾನು ಹೇಳಲ್ಲ, ಹಾಸನ ಚಿಕ್ಕಮಗಳೂರು ಎರಡೂ ಕಡೆ ಹೊಡೆತ ತಿಂತೀನಿ. ಅಂಗಡಿಯವ್ರೂ ಈಗ ಬೋರ್ಡಲ್ಲಿ ಪರಿಸರಸ್ನೇಹಿ ಅಂತ ಇದ್ದಿದ್ದು ಅಳಿಸಿ, ‘ಡಬ್ಬಿ ತನ್ನಿ, ₹10 ಕಮ್ಮಿ’ ಅಂತ ಬರ್ಸಿದಾರೆ. ಎಲೆ ಚಿತ್ರ ಮಾತ್ರ ಹಂಗೇ ಇದೆ, ಪೇಂಟರ್ ಅದಕ್ಕೆ ಬೇರೆ ದುಡ್ಡು ಕೇಳಿದ್ನಂತೆ.

ವ್ಯಾಪಾರ ಚೆನ್ನಾಗಾಗಿದೆಯಾ ಅಂದ್ರೆ, ಅವರ ಖಾತೆ ನಾನು ನೋಡಿಲ್ಲ, ಕಣ್ಣಿಗೆ ಕಂಡಿದ್ದು ಹೇಳ್ತೀನಿ. ಬಿಡಿ ಗಿರಾಕಿ ಮೊದಲಿಗಿಂತ ಕಮ್ಮಿ, ಕವರ್ ಏಟಿಗೆ ಹೋದೋರು ಕೆಲವ್ರು ವಾಪಸ್ ಬರ್ಲೇ ಇಲ್ಲ. ಆದ್ರೆ ಡಬ್ಬಿ ಸಂಖ್ಯೆ ನಾನು ಸೇರಿದಾಗ ಎಂಬತ್ತರ ಒಳಗಿತ್ತು, ಹೋದ ವಾರ ವ್ಯಾನಿಗೆ ಹಾಕುವಾಗ 212 ನೋಡಿದೆ. ಹೊಸ ಹುರಿಯೋ ಮಿಷಿನ್ ತಗೊಳೋಕೆ ಸಾಲ ಮಾಡಿದಾರೆ, ಹುರಿಯುವಾಗ ಹಾರೋ ಹೊಟ್ಟು ಹಿಡಿಯೋ ಡಬ್ಬ ಇರೋದು, ಆ ಹೊಟ್ಟನ್ನ ನರ್ಸರಿಯವ್ರು ಬಂದು ಫ್ರೀಯಾಗಿ ತಗೊಂಡ್ ಹೋಗ್ತಾರೆ. ಅಕ್ಕಪಕ್ಕದವ್ರು ಬಟ್ಟೆ ಮೇಲೆ ಹೊಟ್ಟು ಬೀಳುತ್ತೆ ಅಂತ ಜಗಳ ಆಡೋದು ನಿಂತಿದೆ, ಅದೊಂದೇ ಸಾಕು ಅಂತಾರೆ ಮಾವ.

ಹೋಗೋರಿಗೆ: ಭಾನುವಾರ ಮಧ್ಯಾಹ್ನದ ತನಕ ಮಾತ್ರ, ಫೋನ್‌ಪೇ ನಡೆಯುತ್ತೆ, ಕಾರ್ ನಿಲ್ಸೋಕೆ ಜಾಗ ಇಲ್ಲ, ಅಂಗಡಿ ಮುಂದೆ ನಿಲ್ಸಿದ್ರೆ ಮಾವನೇ ಎದ್ದು ಬಂದು ಬೈತಾರೆ. ಮನೆಗೆ ತಗೊಳೋದಾದ್ರೆ ಕಾಲು ಕೆಜಿ ತಗೊಳಿ, ಮಳೆಗಾಲದಲ್ಲಿ ಅದಕ್ಕಿಂತ ಜಾಸ್ತಿ ಬೇಡ, ಡಬ್ಬಿ ಯಾವುದಾದ್ರೂ ಸರಿ, ಮೊದ್ಲು ಒಣಗ್ಸಿ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಹಿಡ್ಕೊಂಡಿರೋದು ಶನಿವಾರದ ಡೆಲಿವರಿಗೆ, ಆ ಹುಬ್ಬಳ್ಳಿ ಅಜ್ಜಿ ಚಹಾ ಕೇಳಿದ್ದಕ್ಕಲ್ಲ, ಅದನ್ನ ನಾನು ಮರೆತಿದೀನಿ ಅಂತ ಅಕ್ಕನಿಗೆ ಹೇಳಿದೀನಿ. 63ನೇ ಡಬ್ಬಿ ಮುಚ್ಚಳ ಮಾತ್ರ ಇನ್ನೂ ಸಿಕ್ಕಿಲ್ಲ, ಯಾರ ಹತ್ರ ಇದೆಯೋ ದಯವಿಟ್ಟು ಬೇಕರಿ ವ್ಯಾನಲ್ಲಿ ಹಾಕಿ ಕಳಿಸಿ.